ಬಿಡಿಸಲು ಹೋದವನು

"ಇಲ್ಲ ಸಾರ್, ಇದೂ ಬೇಡವಂತೆ" ಎಂದು ನರ್ಸ್ ಸುಭದ್ರಮ್ಮ ನೀರಿನ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದರು.

"ಆಸ್ಪತ್ರೆ ನೀರು ಆಗಲ್ವೇನೋ ಅಂದ್ಕೊಂಡ್ವಿ. ಅವರ ಹೆಂಡ್ತಿ ಕುಂಸಿಯಿಂದ ಮನೆ ಬಾವಿ ನೀರನ್ನೇ ತಂಬಿಗೇಲಿ ತಂದಿದ್ದಾರೆ. ಅದಕ್ಕೂ ತುಟಿ ಬಿಚ್ಚಲ್ಲ. ಗ್ಲೂಕೋಸ್ ಹಾಕಿದ್ರೆ ಎರಡು ಸಲ ಸೂಜಿ ಕಿತ್ತು ಎಸೆದ್ರು. ಸಂಜೆಯೊಳಗೆ ಗಂಟಲಿಗೆ ಏನಾದ್ರೂ ಇಳೀದಿದ್ರೆ ಕಷ್ಟ ಅಂತ ಡಾಕ್ಟರು ಹೇಳಿ ಹೋದ್ರು ಮಾರಾಯ್ರೆ."

ಚೌಡಪ್ಪ ನಶ್ಯದ ಡಬ್ಬಿ ತೆಗೆದರು. ಆಸ್ಪತ್ರೆ ಎಂಬುದು ನೆನಪಾಗಿ ಮತ್ತೆ ಜೇಬಿಗೆ ಹಾಕಿಕೊಂಡರು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ, ನಿವೃತ್ತರಾದ ಮೇಲೂ ಸುಮ್ಮನೆ ಕೂರಲಾರದೆ ಪತ್ತೇದಾರಿಕೆ ಹಚ್ಚಿಕೊಂಡ ಮನುಷ್ಯ.

"ಪ್ರಜ್ಞೆ ಇದೆಯಾ?"

"ಪೂರ್ತಿ ಇದೆ. ದವಡೆ ಮುರಿದಿದೆ, ಮಾತು ಬರ್ತಿಲ್ಲ. ಬಲಗೈಗೆ ಪಟ್ಟಿ. ಎಡಗೈ ಬೆರಳು ಅಷ್ಟೋ ಇಷ್ಟೋ ಅಲ್ಲಾಡ್ತವೆ. ನಾವು ಹೇಳೋದೆಲ್ಲ ಕೇಳಿಸ್ಕೋತಾರೆ, ನೀರು ಅಂದ ಕೂಡ್ಲೇ ಮುಖ ತಿರುಗಿಸ್ತಾರೆ."

ಹಿಂದಿನ ಕಂತನ್ನು ಓದದವರಿಗೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಶುಕ್ರವಾರ ಮಧ್ಯಾಹ್ನ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕುಂಸಿಯ ಉಜ್ಜನಪ್ಪನವರನ್ನು ಯಾರೋ ದೊಣ್ಣೆಯಿಂದ ಬಡಿದು ಕೆಡವಿದ್ದರು, ಈಗ ಶಿವಮೊಗ್ಗದ ಈ ಆಸ್ಪತ್ರೆಯಲ್ಲಿ ಮಲಗಿರುವವರು ಅವರೇ; ಬಿಡಿಸಲು ಓಡಿಹೋದ ಮೆಕ್ಯಾನಿಕ್ ಪೀರ್ ಬಾಷಾನನ್ನೇ ಪೊಲೀಸರು ಹಿಡಿದು ಲಾಕಪ್ಪಿಗೆ ತಳ್ಳಿದ್ದರು.

ಇನ್ನು ನನ್ನ ವಿಚಾರ. ನಾನು ಓಬಯ್ಯ, ಶಿವಮೊಗ್ಗದ ಕೋರ್ಟಿನ ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಊರಿನವರ ಸುಳ್ಳನ್ನೆಲ್ಲ ಅಂದವಾಗಿ ಬಡಿದುಕೊಡುವವನು. ಶುಕ್ರವಾರ ಆ ಹೊತ್ತಿನಲ್ಲಿ ಓಲ್ಡ್ ಟೌನಿನ ಅದೇ ಬೀದಿಯ ಕಾಫಿ ಹೋಟೆಲಿನಲ್ಲಿ ಖಾಲಿ ದೋಸೆ ತಿನ್ನುತ್ತಿದ್ದೆ. ಹೊರಗೆ "ಅಯ್ಯೋ, ಸತ್ತೆ" ಎಂಬ ಕೂಗು ಕೇಳಿತು. ಹೋಟೆಲಿನವರು ಹಲಗೆ ಬಾಗಿಲುಗಳನ್ನು ಒಂದೊಂದಾಗಿ ಎಳೆದು ಮುಚ್ಚಿದರು. ಒಳಗಿದ್ದ ಹನ್ನೆರಡು ಜನರಲ್ಲಿ ಯಾರೂ ಬೇಡ ಎನ್ನಲಿಲ್ಲ.

ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದಿತ್ತು. ನಾನು ಅಲ್ಲಿ ಕಣ್ಣಿಟ್ಟು ನೋಡಬಹುದಿತ್ತು, ನೋಡಲಿಲ್ಲ. ನೋಡಿದರೆ ಹೋಗಬೇಕಾಗುತ್ತದೆ ಎಂದು ಹೆದರಿದೆ. "ಬಿಡ್ರೋ, ಬಿಡ್ರೋ" ಎಂದು ಇನ್ನೊಬ್ಬ ಕಿರುಚಿದ್ದು ಮಾತ್ರ ಕೇಳಿಸಿತು. ಅದು ಪೀರ್ ಬಾಷಾನ ದನಿ ಎಂದು ಮರುದಿನ ಸ್ಟೇಷನ್ನಿನಲ್ಲಿ ಅವನ ಮಾತು ಕೇಳಿ ಹೇಳಿದೆ. ಬಾಗಿಲು ಹಾಕಿಕೊಂಡು ಕೇಳಿದ ದನಿಗೆ ಬೆಲೆಯಿಲ್ಲ ಎಂದು ಬರೆದುಕೊಂಡರು. ನಾಚಿಕೆಯಿಂದ ನನಗೆ ಎರಡು ದಿನ ಅನ್ನ ಸೇರಿರಲಿಲ್ಲ. ಚೌಡಪ್ಪನವರನ್ನು ಈ ಕೇಸಿಗೆ ಎಳೆದು ತಂದವನು ನಾನೇ.

"ಬಾ, ಒಂದು ಸಲ ಒಳಗೆ ನೋಡಿಬರೋಣ" ಎಂದರು ಅವರು.

ಮಂಚದ ಎಡಕ್ಕೆ ಉಜ್ಜನಪ್ಪನವರ ಹೆಂಡತಿ ಬಸವರಾಜೇಶ್ವರಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ತಂಬಿಗೆ. ಬಲಕ್ಕೆ ಸ್ಟೂಲಿನ ಮೇಲೆ ಜಯಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್, ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ವಾಸ. ಉಜ್ಜನಪ್ಪನವರ ಮಗಳನ್ನು ಇವನಿಗೇ ಗೊತ್ತು ಮಾಡಿದ್ದರು. ನಿಶ್ಚಿತಾರ್ಥವಾಗಿ ಒಂದು ವರ್ಷ.

"ಶುಕ್ರವಾರ ಸಂಜೆ ಬಂದೋನು ಜಾಗ ಬಿಟ್ಟಿಲ್ಲ" ಎಂದು ಸುಭದ್ರಮ್ಮ ನನ್ನ ಕಿವಿಯಲ್ಲಿ ಹೇಳಿದರು. "ಮಾವ ತಿನ್ನಲ್ಲ ಅಂತ ತಾನೂ ತಿಂದಿಲ್ಲ. ಬನ್ ತಂದುಕೊಟ್ರೆ ವಾಪಸ್ ಕೊಟ್ಟ. ಇಂಥ ಅಳಿಯ ಯಾರಿಗೆ ಸಿಕ್ತಾನೆ ಹೇಳಿ?"

ನನಗೂ ಅವನ ಮೇಲೆ ಗೌರವ ಬಂತು. ಏಪ್ರಿಲ್ ಬಿಸಿಲಿಗೆ ವಾರ್ಡಿನಲ್ಲಿದ್ದವರೆಲ್ಲ ಬೀಸಣಿಗೆ ಹಿಡಿದಿದ್ದರೆ ಅವನು ಅಂಗಿಯ ಗುಂಡಿಯನ್ನು ಕೊರಳವರೆಗೂ ಹಾಕಿಕೊಂಡು ಬೆವರುತ್ತ ಕೂತಿದ್ದ.

ಚೌಡಪ್ಪ ಮಂಚದ ಮೇಲೆ ಬಗ್ಗಿ, ರೋಗಿಯ ಕೊರಳಿನ ಪಟ್ಟಿಯ ಅಂಚನ್ನು ಬೆರಳಿನಿಂದ ತುಸು ಸರಿಸಿ ನೋಡಿದರು.

"ತಾಯಿ, ಇವರು ನೀರು ಯಾಕೆ ಬೇಡ ಅಂತಾರೆ? ನಿಮಗೇನಾದ್ರೂ ಗೊತ್ತಾ?"

ಬಸವರಾಜೇಶ್ವರಿ ತಂಬಿಗೆಯನ್ನೇ ನೋಡುತ್ತ ಹೇಳಿದರು. "ಮೊದಲಿಂದ್ಲೂ ಹಟಮಾರಿ. ಹೊರಗಡೆ ಬಾಯಿಗೆ ಏನೂ ಹಾಕಲ್ಲ."

"ಇದು ಮನೆ ನೀರು ಅಲ್ವಾ?"

"ಮಾವನೋರಿಗೆ ಪೆಟ್ಟು ಬಿದ್ದು ಮನಸ್ಸು ಸರಿ ಇಲ್ಲ ಸಾರ್" ಎಂದು ಜಯಪ್ಪ ನಡುವೆ ಬಾಯಿ ಹಾಕಿದ. ಮಂಚದ ಮೇಲಿದ್ದವರು ಅವನ ಕಡೆ ಕಣ್ಣು ತಿರುಗಿಸಿದರು. ಆ ಕಣ್ಣಿನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ಹೊರಗಿನ ಜಗಲಿಗೆ ಬಂದ ಕೂಡಲೇ ಚೌಡಪ್ಪ ನನ್ನ ತೋಳು ಹಿಡಿದರು. "ಕೊರಳಲ್ಲಿ ಶಿವದಾರದ ತುಂಡು ಇದೆ. ಕಿತ್ತು ಹೋಗಿರೋ ದಾರ. ಲಿಂಗ ಇಲ್ಲ."

"ಅದಕ್ಕೂ ನೀರಿಗೂ..."

"ನೀನು ಬರೀ ಟೈಪ್ ಮಾಡ್ತೀಯೋ, ಓದ್ತೀಯೋ? ಲಿಂಗ ಕಟ್ಟಿದ ಹಳೇ ಕಾಲದ ಮನುಷ್ಯ. ಎದೆ ಮೇಲೆ ಲಿಂಗ ಇಲ್ದೆ ಹನಿ ನೀರು ಮುಟ್ಟಲ್ಲ. ಪ್ರಾಣ ಹೋದ್ರೂ ಮುಟ್ಟಲ್ಲ. ಡಾಕ್ಟರಿಗೆ ಹೊಳೀದೇ ಇರಬಹುದು. ಆ ಹೆಂಗಸು ನಿನ್ನೆಯಿಂದ ಪಕ್ಕದಲ್ಲೇ ಕೂತಿದೆ. ಹಣೇಲಿ ವಿಭೂತಿ ಇದೆ. ಅವಳಿಗೆ ಹೊಳೆಯಲ್ವೇನೋ? ಆ ಹುಡುಗನೂ ಅದೇ ಪೈಕಿ. ಅವನಿಗೆ?"

ಉಜ್ಜನಪ್ಪನವರ ಲಿಂಗ ಎಲ್ಲಿದೆ ಎಂದು ಇಡೀ ಜಿಲ್ಲೆಗೆ ಗೊತ್ತಿತ್ತು. ಪೀರ್ ಬಾಷಾನ ಟೋಪಿಯೊಳಗೆ ಸಿಕ್ಕಿದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅದೇ ತಾನೆ ಅವನು ಕಳ್ಳ ಎಂಬುದಕ್ಕೆ ಪೊಲೀಸರ ಬಳಿ ಇದ್ದ ಸಾಕ್ಷಿ. ಜಪ್ತಿಪಟ್ಟಿಯ ನಕಲನ್ನು ನಾನೇ ಟೈಪ್ ಮಾಡಿದ್ದೆ.

ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಹೆಂಗಸು ನಮ್ಮನ್ನು ಕಂಡು ಎದ್ದು ನಿಂತಳು. ಪೀರ್ ಬಾಷಾನ ಹೆಂಡತಿ ಖೈರುನ್ನೀಸಾ. ಬೆಳಗಿನ ಮೊದಲ ಬಸ್ಸಿಗೆ ಭದ್ರಾವತಿಯಿಂದ ಬಂದಿದ್ದಳು. ಬಾಗಿಲಿನ ಪೇದೆ ಒಳಗೆ ಬಿಟ್ಟಿರಲಿಲ್ಲ.

"ಆ ಯಜಮಾನ್ರು ಏನಾದ್ರೂ ಹೇಳಿದ್ರಾ ಭಾಯ್?"

"ಇನ್ನೂ ಇಲ್ಲಮ್ಮ."

"ಅಷ್ಟು ಸಲ ಹೇಳಿದ್ದೆ ಇವರಿಗೆ. ಬೀದೀಲಿ ಜಗಳ ಕಂಡ್ರೆ ತಲೆ ಬಗ್ಗಿಸ್ಕೊಂಡು ಬನ್ನಿ, ನಮಗ್ಯಾಕೆ ಅಂತ. ಇಡೀ ಬೀದಿ ಬಾಗಿಲು ಹಾಕ್ಕೊಂಡಿತ್ತು. ಇವರೊಬ್ಬರಿಗೆ ಬಾಗಿಲು ಇರಲಿಲ್ವಾ?"

ಆ ಬೀದಿಯ ಬಾಗಿಲುಗಳಲ್ಲಿ ಒಂದರ ಹಿಂದೆ ನಾನಿದ್ದೆ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಭದ್ರಾವತಿಯ ಬಸ್ಸಿನಲ್ಲೂ ಅದೇ ಮಾತು. ನಮ್ಮ ಹಿಂದಿನ ಸೀಟಿನಲ್ಲಿ ಇಬ್ಬರು ಬಿ.ಎಚ್. ರೋಡಿನ ಉದ್ದಕ್ಕೂ ಪೀರ್ ಬಾಷಾನ ವಿಚಾರಣೆ ನಡೆಸಿ ತೀರ್ಪನ್ನೂ ಕೊಟ್ಟರು. "ಬಿಡಿಸೋಕೆ ಹೋಗಿದ್ನಂತೆ! ಯಾರಾದ್ರೂ ಸುಮ್ಸುಮ್ನೆ ಹೋಗ್ತಾರೇನ್ರೀ? ಏನೋ ಲಾಭ ಇರಬೇಕು." ಇನ್ನೊಬ್ಬ ಹೇಳಿದ, "ನಿಜವಾಗ್ಲೂ ಹೋಗಿದ್ರೆ ಇನ್ನೂ ದಡ್ಡ. ನಾಳೆಯಿಂದ ನನ್ನ ಕಣ್ಣೆದುರಿಗೇ ಕೊಲೆ ಆದ್ರೂ ನಾನು ಆ ಕಡೆ ತಿರುಗಲ್ಲ ಮಾರಾಯ." ನಾನು ತಿರುಗಿ ಒಂದು ಮಾತು ಅಂದುಬಿಡಬೇಕೆಂದುಕೊಂಡೆ, ಅಷ್ಟರಲ್ಲಿ ಅವರು ಇಳಿದುಹೋದರು.

ಸ್ಟೇಷನ್ನಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಅಬ್ದುಲ್ ವಹಾಬ್ ನಮ್ಮನ್ನು ಕಂಡು ಮುಖ ಸಿಂಡರಿಸಿದರು. ಕೆಟ್ಟವರೇನಲ್ಲ, ಆದರೆ ಈ ಕೇಸಿನಲ್ಲಿ ಬೆಂಕಿಯ ಮೇಲೆ ನಿಂತಿದ್ದರು.

"ಚೌಡಪ್ಪನೋರೆ, ಅವನು ಬಾಷಾ, ನಾನು ವಹಾಬ್. ಒಂದು ಗಂಟೆ ಮುಂಚೆ ಬಿಟ್ರೂ 'ತನ್ನವನು ಅಂತ ಬಿಟ್ಟ' ಅಂತಾರೆ. ಎದುರು ಬಟ್ಟೆ ಅಂಗಡಿಯೋರು ಕೂಗು ನಿಂತ ಮೇಲೆ ಬಾಗಿಲು ತೆಗೆದು ನೋಡಿದ್ದಾರೆ, ಇವನ ಕೈ ಆ ಮನುಷ್ಯನ ಕೊರಳಲ್ಲಿತ್ತು. ಸಾಮಾನು ಇವನ ಟೋಪೀಲಿ ಸಿಕ್ಕಿದೆ. ಇನ್ನೇನು ಬೇಕು?"

"ಐದು ನಿಮಿಷ ಅವನ ಹತ್ರ ಮಾತಾಡ್ತೀನಿ."

ಕಂಬಿಗಳ ಆಚೆ ಪೀರ್ ಬಾಷಾ ಗೋಡೆಗೊರಗಿ ಕೂತಿದ್ದ. ಶುಕ್ರವಾರದ ನಮಾಜಿಗೆಂದು ಹಾಕಿಕೊಂಡಿದ್ದ ಬಿಳಿ ಪೈಜಾಮ ಜುಬ್ಬ ಮೈಮೇಲೇ ಇತ್ತು. ಎದೆಯ ಮೇಲೆ ಇನ್ನೊಬ್ಬರ ರಕ್ತ ಒಣಗಿ ಕಂದಾಗಿತ್ತು.

"ಹೊಡೆದೋನನ್ನ ನೋಡಿದೆಯಾ?"

"ಬೆನ್ನು ನೋಡಿದೆ ಸಾಬ್. ಮೂಲೆ ತಿರುಗಿದ ಕೂಡ್ಲೇ ಕಿರುಚಿದೆ. ಬಿದ್ದೋರ ಮೇಲೆ ಬಗ್ಗಿದ್ದ ಒಬ್ಬ ಎದ್ದು ಸಂದಿಗೆ ಓಡಿದ."

"ನಿನ್ನ ಕೈ ಕೊರಳಲ್ಲಿ ಯಾಕಿತ್ತು?"

"ರಕ್ತ ಬರ್ತಿತ್ತು. ಒತ್ತಿ ಹಿಡಿದೆ."

"ಕರಡಿಗೆ ಟೋಪಿಯೊಳಗೆ ಯಾಕೆ ಬಂತು?"

ಅವನು ನಮ್ಮಿಬ್ಬರ ಮುಖವನ್ನೂ ನೋಡಿದ. ಎರಡು ದಿನದಿಂದ ಇದನ್ನು ಎಷ್ಟು ಸಲ ಹೇಳಿದ್ದನೋ. "ಮಣ್ಣಲ್ಲಿ ಬಿದ್ದಿತ್ತು ಸಾಬ್. ನಮ್ಮ ಗಲ್ಲೀಲಿ ಅರ್ಧ ಮನೆ ಲಿಂಗಾಯತರದ್ದು. ಕಾಲು ತಾಗೋ ಕಡೆ ಅದನ್ನ ಬಿಡಬಾರದು ಅಂತ ಗೊತ್ತು. ನನ್ನಂಥೋರು ಕೈಯಲ್ಲಿ ಮುಟ್ಟಬಾರದು ಅಂತಾನೂ ಗೊತ್ತು. ನಮಾಜಿಗೆ ಅಂತ ಒಗೆದ, ಕೈ ಒರೆಸೋ ದಸ್ತಿ ಇತ್ತು, ಅದ್ರಲ್ಲಿ ಎತ್ತಿದೆ. ಎಲ್ಲಿಡೋದು? ಜುಬ್ಬದ ಜೇಬು ಸೊಂಟದ ಕೆಳಗೆ ಬರುತ್ತೆ. ಅಲ್ಲಿ ಇಡಬಾರದು ಅನ್ನಿಸ್ತು. ತಲೆ ಮೇಲೆ ಇಟ್ಕೊಂಡೆ."

ಬಚ್ಚಿಟ್ಟಿದ್ದ ಎಂದು ನಾನೇ ಟೈಪ್ ಮಾಡಿದ್ದೆ. ಎರಡು ಕಾರ್ಬನ್ ಇಟ್ಟು, ಮೂರು ಪ್ರತಿ. ನನ್ನ ಬೆರಳುಗಳ ಮೇಲೆ ನನಗೇ ಸಿಟ್ಟು ಬಂತು.

"ಇನ್ನೊಂದು ಸಲ ಹಾಗೆ ಯಾರನ್ನಾದ್ರೂ ಹೊಡೀತಿದ್ರೆ ಹೋಗ್ತೀಯಾ?" ಎಂದು ಕೇಳಿದೆ. ಕೇಸಿಗೂ ಆ ಪ್ರಶ್ನೆಗೂ ಸಂಬಂಧವಿರಲಿಲ್ಲ, ನನಗೆ ಬೇಕಾಗಿತ್ತು.

ಪೀರ್ ಬಾಷಾ ಜುಬ್ಬದ ಮೇಲಿನ ಕಲೆಯನ್ನು ಉಗುರಿನಿಂದ ಕೆರೆದ. "ಗೊತ್ತಿಲ್ಲ ಸಾಬ್. ಶುಕ್ರವಾರ ಯೋಚನೆ ಮಾಡಲಿಲ್ಲ, ಹೋದೆ. ಇಲ್ಲಿ ಕೂತು ಯೋಚನೆ ಮಾಡೋದು ಕಲಿತುಬಿಟ್ಟಿದ್ದೀನಿ."

ಚೌಡಪ್ಪ ವಹಾಬರ ಮೇಜಿನ ಮುಂದೆ ನಿಂತು ಒಂದೇ ಮಾತು ಹೇಳಿದರು. "ಆ ಮನುಷ್ಯ ನೀರಿಲ್ದೆ ಸತ್ರೆ ನಿಮ್ಮ ಕೇಸು ಕೊಲೆ ಕೇಸು ಆಗುತ್ತೆ. ಸಾಯೋದು ಪೆಟ್ಟಿಂದ ಅಲ್ಲ, ನಿಮ್ಮ ಅಲ್ಮಾರೀಲಿ ಇರೋ ಸಾಮಾನಿಂದ. ಗುರುತು ಹಿಡಿಸೋಕೆ ಅಂತಲೇ ತನ್ನಿ. ಕಾನೂನಿಗೂ ಆಯ್ತು, ಜೀವಕ್ಕೂ ಆಯ್ತು."

ವಹಾಬ್ ಎದ್ದು ಅಲ್ಮಾರಿಯ ಬೀಗ ತೆಗೆದರು. ಜಪ್ತಿಯಾದ ಕೊಡಲಿ, ಸಾರಾಯಿ ಡಬ್ಬಗಳ ಮೇಲಿನ ಗೂಡಿನಲ್ಲಿ ಕರಡಿಗೆ ಬೇರೆಯಾಗಿ ಕೂತಿತ್ತು, ಮುಂದೆ ಊದುಬತ್ತಿಯ ಬೂದಿ. ಸ್ಟೇಷನ್ನಿನ ಲಿಂಗಾಯತ ಪೇದೆಯೊಬ್ಬ ಎರಡು ದಿನವೂ ಬೆಳಗ್ಗೆ ಹಚ್ಚಿದ್ದನಂತೆ. ಸರ್ಕಾರಿ ಸೀಲಿನ ಮೇಲೆ ವಿಭೂತಿಯೂ ಬಿದ್ದಿತ್ತು. ಅವನೇ ಅದನ್ನು ಬಾಳೆಲೆಯಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡು ಜೀಪು ಹತ್ತಿದ.

ಮೂರು ಗಂಟೆಯ ಹೊತ್ತಿಗೆ ನಾವು ಮತ್ತೆ ವಾರ್ಡಿನಲ್ಲಿದ್ದೆವು. ಉಜ್ಜನಪ್ಪನವರ ತುಟಿ ಬಿಳಿಚಿ ಸಿಪ್ಪೆ ಎದ್ದಿತ್ತು. ಪೇದೆಯ ಕೈಯಲ್ಲಿದ್ದ ಬಾಳೆಲೆಯನ್ನು ಕಂಡು ಜಯಪ್ಪ ಸ್ಟೂಲಿನಿಂದ ಅರ್ಧ ಎದ್ದು ಮತ್ತೆ ಕೂತ. ಬಸವರಾಜೇಶ್ವರಿ ಕೂತಲ್ಲಿಂದ ಅಲ್ಲಾಡಲಿಲ್ಲ. ಗಂಡನ ಜೀವ ಉಳಿಸುವ ವಸ್ತು ಕಣ್ಣೆದುರಿಗೆ ಬಂದರೆ ಯಾವ ಹೆಂಗಸಾದರೂ ಎದ್ದು ಬರುತ್ತಾಳೆ. ಈಕೆ ಹೆದರಿದವರಂತೆ ಸೆರಗು ಬಿಗಿ ಮಾಡಿಕೊಂಡರು.

"ನೋಡಿ ಹೇಳಿಯಮ್ಮ" ಎಂದರು ವಹಾಬ್. "ಇದು ನಿಮ್ಮ ಯಜಮಾನರದ್ದೇನಾ?"

ಪೇದೆ ಸೀಲು ಒಡೆದು ಕರಡಿಗೆಯ ಮುಚ್ಚಳ ತೆಗೆದ. ಬಸವರಾಜೇಶ್ವರಿ ಇಣುಕಿದರು. ಅವರ ಮುಖದಲ್ಲಿ ಒಂದು ಕ್ಷಣ ಏನೋ ಮೂಡಿತು. ಅದನ್ನು ಬೇಗ ನುಂಗಿಕೊಂಡರು.

"ಹೌದು. ಇವರದೇ."

"ಖಚಿತವಾಗಿ?"

"ನಾವೇ ಕುಂಸಿಯಲ್ಲಿ ಮಾಡಿಸಿದ್ದು. ನನಗೆ ಗೊತ್ತಾಗಲ್ವಾ?"

ಪೇದೆ ಲಿಂಗವನ್ನು ಉಜ್ಜನಪ್ಪನವರ ಎಡ ಅಂಗೈಯಲ್ಲಿ ಇಟ್ಟ. ಸುಭದ್ರಮ್ಮ ಚಮಚದಲ್ಲಿ ನೀರು ಹಿಡಿದು ಸಿದ್ಧವಾಗಿ ನಿಂತರು. ಉಜ್ಜನಪ್ಪ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದರು. ಒಂದು ಸುತ್ತು ಸವರಿ ಬೆರಳು ನಿಂತಿತು. ಇನ್ನೊಂದು ಸಲ ಸವರಿದರು. ಆಮೇಲೆ ಅಂಗೈಯನ್ನು ಪೇದೆಯ ಕಡೆಗೆ ಚಾಚಿ ಅಲ್ಲೇ ಹಿಡಿದರು, ತೆಗೆದುಕೋ ಎನ್ನುವಂತೆ. ಸುಭದ್ರಮ್ಮ ಚಮಚ ತಂದಾಗ ಮುಖ ತಿರುಗಿಸಿದರು.

"ಇವರದಲ್ಲ" ಎಂದರು ಚೌಡಪ್ಪ.

"ಜ್ವರದ ಮಂಪರು" ಎಂದರು ವಹಾಬ್. "ಹೆಂಡತಿ ಗುರುತು ಹಿಡಿದಿದ್ದಾರೆ, ಕೋರ್ಟಿಗೆ ಅಷ್ಟು ಸಾಕು. ಓಬಯ್ಯ, ನೀವೇ ಇದ್ದೀರಲ್ಲ, ಪಂಚರಾಗಿ ಸಹಿ ಹಾಕಿ. 'ನಮ್ಮ ಸಮಕ್ಷಮ ಗುರುತಿಸಿದ್ದಾರೆ' ಅಂತ ಬರೆದಿದ್ದೀನಿ."

ಕಾಗದ ನನ್ನ ಕೈಗೆ ಬಂತು, ಪೆನ್ನೂ ಬಂತು. ಬರೆದಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಕೆ ನಮ್ಮ ಸಮಕ್ಷಮವೇ ಗುರುತಿಸಿದ್ದರು. ನಾನು ಸಹಿ ಹಾಕಿದರೆ ಪೀರ್ ಬಾಷಾ ದೋಚಿದವನಾಗುತ್ತಾನೆ, ಏಳು ವರ್ಷಕ್ಕೆ ಕಡಿಮೆಯಿಲ್ಲ.

ಚೌಡಪ್ಪ ಯಾರನ್ನೂ ನೋಡದೆ, ತಮಗೆ ತಾವೇ ಎಂಬಂತೆ ಹೇಳಿದರು. "ಇವರದಲ್ಲ ಅಂದ್ರೆ ಇನ್ನೊಬ್ಬರದು. ಆ ಜಾಗದಲ್ಲಿ ಶುಕ್ರವಾರ ಇನ್ನೊಬ್ಬ ಲಿಂಗಧಾರಿ ಇದ್ದ. ಇಬ್ಬರ ದಾರಾನೂ ಕಿತ್ತಿದೆ. ಗಾಬರೀಲಿ ನೆಲದಿಂದ ಒಂದನ್ನ ಎತ್ಕೊಂಡು ಓಡಿದ್ದಾನೆ, ತನ್ನದಲ್ಲ. ಅವನೂ ನೇಮಸ್ಥನಾದ್ರೆ ಆವತ್ತಿಂದ ಅವನ ಗಂಟಲಿಗೂ ಏನೂ ಇಳಿದಿರಲ್ಲ."

ಸುಭದ್ರಮ್ಮ ಜಯಪ್ಪನ ಕಡೆ ನೋಡಿದರು. ಪೇದೆ ನೋಡಿದ. ವಹಾಬರೂ ನೋಡಿದರು. ಎಲ್ಲರಿಗೂ ಹೊಳೆದಿತ್ತು, ಯಾರೂ ಬಾಯಿ ತೆರೆಯಲಿಲ್ಲ. ಎರಡು ದಿನದಿಂದ ಮಾವನ ಪಕ್ಕದಲ್ಲಿ ಉಪವಾಸ ಕೂತವನನ್ನು ಯಾವ ಬಾಯಿಂದ ಕೇಳುವುದು? ಹೋಟೆಲಿನಲ್ಲಿ ಹನ್ನೆರಡು ಜನ ಸುಮ್ಮನಿದ್ದದ್ದೂ ಹೀಗೆಯೇ ಎಂದು ನನಗೆ ತಟ್ಟಿತು. ಒಬ್ಬೊಬ್ಬರೂ ಇನ್ನೊಬ್ಬರ ಮುಖ ನೋಡುತ್ತಿದ್ದೆವು.

ನಾನು ಪೆನ್ನನ್ನು ಮಂಚದ ಮೇಲಿಟ್ಟೆ.

"ನಾನು ಸಹಿ ಹಾಕಲ್ಲ ಸ್ವಾಮಿ."

"ಓಬಯ್ಯ, ನಾಳೆ ಕೋರ್ಟ್ ಕಾಂಪೌಂಡಲ್ಲಿ ಕೂರೋದು ಬೇಡ್ವಾ ನಿಮಗೆ?"

"ಬೇಡ ಅಂದ್ರೆ ಎದ್ದು ಹೋಗ್ತೀನಿ. ಜಯಪ್ಪ, ಅಂಗಿ ಗುಂಡಿ ಬಿಚ್ಚಪ್ಪ. ನಿನ್ನ ಕೊರಳಲ್ಲಿ ಇರೋದನ್ನ ತೋರಿಸು."

ಬಸವರಾಜೇಶ್ವರಿ ಎದ್ದು ನಿಂತರು. "ಅವನನ್ನ ಯಾಕ್ರೀ ಕೇಳ್ತೀರಿ? ಮಗನಿಗಿಂತ ಹೆಚ್ಚಾಗಿ ನೋಡ್ಕೊಂಡಿದ್ದಾನೆ. ನಿಮಗೇನು ಸಂಬಂಧ? ನೀವು ಯಾರು?"

"ಯಾರೂ ಅಲ್ಲಮ್ಮ. ದಾರೀಲಿ ಹೋಗೋನು."

ಜಯಪ್ಪ ಅತ್ತೆಯಾಗಬೇಕಾದವರ ಮುಖ ನೋಡಿದ. ಆಮೇಲೆ ಒಂದೊಂದಾಗಿ ಗುಂಡಿ ಬಿಚ್ಚಿದ. ಹೊಸ ದಾರದಲ್ಲಿ ಬೆಳ್ಳಿಯ ಕರಡಿಗೆ ಹೊರಬಂತು. ಪೇದೆಯ ಕೈಯಲ್ಲಿದ್ದುದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಒಂದೇ ಅಚ್ಚು" ಎಂದರು ಚೌಡಪ್ಪ. "ಇದನ್ನ ಯಾವಾಗ ಮಾಡಿಸಿದ್ದು ತಾಯಿ? ಈಗಲಾದ್ರೂ ನಿಜ ಹೇಳಿ."

ಆಕೆ ಮಂಚದ ಅಂಚನ್ನು ಹಿಡಿದುಕೊಂಡರು. "ನಿಶ್ಚಿತಾರ್ಥಕ್ಕೆ. ಅಕ್ಕಸಾಲಿಗೆ ಹೇಳಿ ಜೋಡಿ ಮಾಡಿಸಿದ್ವಿ. ಒಂದು ಇವರಿಗೆ, ಒಂದು ಅಳಿಯಂಗೆ. ಒಳಗಿನ ಲಿಂಗ ಅವರವರದೇ."

ಪೇದೆ ಜಯಪ್ಪನ ಕೊರಳಿನಿಂದ ಕರಡಿಗೆ ಬಿಡಿಸಿಕೊಂಡು, ಅದರೊಳಗಿದ್ದುದನ್ನು ಉಜ್ಜನಪ್ಪನವರ ಅಂಗೈಯಲ್ಲಿ ಇಟ್ಟ. ಈ ಸಲ ಹೆಬ್ಬೆರಳು ಒಂದೇ ಸಲ ಸವರಿತು. ಕಣ್ಣಿನಿಂದ ನೀರು ಇಳಿದು ಪಟ್ಟಿ ಒದ್ದೆಯಾಯಿತು. ಅದನ್ನು ಎದೆಗೆ ಒತ್ತಿಕೊಂಡು, ಅವರಾಗಿಯೇ ತುಟಿ ಬಿಚ್ಚಿದರು. ಸುಭದ್ರಮ್ಮ ಒಂದು ಚಮಚ ಬಿಟ್ಟರು, ಇನ್ನೊಂದು ಬಿಟ್ಟರು. ನನಗೆ ಅಳು ಬಂತು, ಅತ್ತೂಬಿಟ್ಟೆ.

"ಕೊಲ್ಲೋಕೆ ಹೋದೋನೇ ಸೇವೆ ಮಾಡ್ತಾ ಕೂತಿದ್ದೆಯೇನೋ?" ಎಂದು ವಹಾಬ್ ಜಯಪ್ಪನ ರಟ್ಟೆ ಹಿಡಿದರು.

"ನಾನು ಹೊಡೀಲಿಲ್ಲ ಸಾರ್. ನಾನೂ ಬಿಡಿಸೋಕೆ ಹೋದೋನೇ."

ಚೌಡಪ್ಪ ಸ್ಟೂಲು ಎಳೆದುಕೊಂಡು ಅವನೆದುರು ಕೂತರು. "ಹೇಳು."

"ಮಾವನೋರು ನನ್ನ ನೋಡೋಕೆ ಅಂತ ಬಂದಿದ್ರು. ಎದುರುಗೊಳ್ಳೋಕೆ ಹೋದೆ. ಅಷ್ಟರಲ್ಲಿ ಮುಖಕ್ಕೆ ಟವಲ್ ಕಟ್ಟಿದ್ದ ಒಬ್ಬ ಹೊಡೀತಿದ್ದ. ಮೇಲೆ ಬಿದ್ದು ಎಳೆದೆ. ಆ ಎಳೆದಾಟದಲ್ಲಿ ಇಬ್ಬರ ದಾರಾನೂ ಕಿತ್ತು ಬಿತ್ತು. ಅವನು ಬಿಡಿಸ್ಕೊಂಡು ಓಡಿದ. ನಾನು ಬಗ್ಗಿ ಕರಡಿಗೆ ಎತ್ಕೊಳ್ಳೋ ಹೊತ್ತಿಗೆ ಯಾರೋ ಕಿರುಚಿಕೊಂಡು ಬಂದ್ರು."

"ನೀನು ತಪ್ಪು ಮಾಡಿಲ್ಲ ಅಂದ್ಮೇಲೆ ಓಡಿದ್ದು ಯಾಕೆ?"

"ಹೆದರಿಕೆ ಆಯ್ತು. ಓಡಿದೆ."

"ಮರುದಿನ ಬಂದು ಹೇಳಬಹುದಿತ್ತು. ಅದೂ ಬೇಡ, ಇದೇ ಮಂಚದ ಪಕ್ಕ ಕೂತು, ಮಾವ ನೀರಿಲ್ದೆ ಒಣಗ್ತಿದ್ರೆ ಅವರದನ್ನ ನಿನ್ನ ಕೊರಳಲ್ಲಿ ಇಟ್ಕೊಂಡಿದ್ದೆಯಲ್ಲೋ?"

ಜಯಪ್ಪ ತಲೆ ಎತ್ತಿದ. "ಹೇಗೆ ಕೊಡ್ಲಿ ಸಾರ್? ಕೊಟ್ರೆ ಎಲ್ಲಿಂದ ಬಂತು ಅಂತ ಕೇಳ್ತೀರಿ. ಓಡದೆ ನಿಂತೋನ ಗತಿ ಏನಾಯ್ತು ಅಂತ ನೋಡಿದ್ನಲ್ಲ."

ವಹಾಬರ ಹಿಡಿತ ತುಸು ಸಡಿಲವಾಯಿತು. ಆದರೂ ನನ್ನ ಮನಸ್ಸು ಅವನನ್ನು ಪೂರ್ತಿ ನಂಬಲಿಲ್ಲ. ಅವನ ಕಥೆ ಪೀರ್ ಬಾಷಾ ಹೇಳಿದ್ದಕ್ಕೆ ಬೇಕೆಂದೇ ಹೊಲಿದಂತೆ ಹೊಂದಿಕೊಳ್ಳುತ್ತಿತ್ತು. ಟವಲ್ ಕಟ್ಟಿದವನನ್ನು ಇವನೊಬ್ಬನ ಹೊರತು ಯಾರೂ ಕಂಡಿರಲಿಲ್ಲ. ಇನ್ನು ಈ ಹೆಂಗಸು? ಅಳಿಯ ನಿರಪರಾಧಿ ಎಂದು ನಂಬಿದ್ದರೆ ಸುಳ್ಳು ಗುರುತು ಹೇಳಬೇಕಾದ ಅಗತ್ಯ ಏನಿತ್ತು? ಗಂಡ ಸಾಯುತ್ತಾನೆ ಎಂದು ಗೊತ್ತಿದ್ದೂ ಯಾರನ್ನು ಉಳಿಸಲು ಹೊರಟಿದ್ದರು?

"ಊಹೆ ಬೇಡ" ಎಂದರು ಚೌಡಪ್ಪ. "ಗೊತ್ತಿರೋರು ಇಲ್ಲೇ ಮಲಗಿದ್ದಾರೆ."

ಮಂಚದ ಮೇಲೆ ಬಗ್ಗಿ ಉಜ್ಜನಪ್ಪನವರ ಎಡಗೈ ಕೆಳಗೆ ತಮ್ಮ ಕೈ ಇಟ್ಟರು. "ಯಜಮಾನ್ರೆ, ಕೇಳಿಸ್ತಿದೆಯಲ್ಲ? ಹೊಡೆದೋನು ಈ ಹುಡುಗನೇನಾ? ಹೌದಾದ್ರೆ ನನ್ನ ಕೈ ಒಂದು ಸಲ ಒತ್ತಿ. ಅಲ್ಲ ಅಂದ್ರೆ ಎರಡು ಸಲ."

ವಾರ್ಡಿನಲ್ಲಿ ಬೀಸಣಿಗೆಗಳೂ ನಿಂತವು. ಉಜ್ಜನಪ್ಪ ಜಯಪ್ಪನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಒಂದು ಸಲವೂ ಒತ್ತಲಿಲ್ಲ, ಎರಡು ಸಲವೂ ಒತ್ತಲಿಲ್ಲ. ಚೌಡಪ್ಪನವರ ಅಂಗೈಯಿಂದ ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

ಗೊತ್ತಿದೆ, ಹೇಳುವುದಿಲ್ಲ. ಅಷ್ಟೇ ಅರ್ಥ. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಕೊರಳಿನ ರಕ್ತವನ್ನು ಕೈಯಲ್ಲಿ ಒತ್ತಿ ಹಿಡಿದವನು ಅದೇ ರಕ್ತದ ಜುಬ್ಬದಲ್ಲಿ ಲಾಕಪ್ಪಿನಲ್ಲಿ ಕೂತಿದ್ದಾನೆ. ಇವರಿಗೆ ಒಂದು ಬೆರಳು ಒತ್ತಲಾಗುವುದಿಲ್ಲವೆ!

ನಾನು ಹೊರಗೆ ಹೋದೆ. ಖೈರುನ್ನೀಸಾ ಬಾಗಿಲಲ್ಲೇ ನಿಂತಿದ್ದಳು.

"ಕುಡಿದ್ರಾ ಭಾಯ್?"

"ಕುಡಿದ್ರಮ್ಮ."

"ಅಲ್ಹಮ್ದುಲಿಲ್ಲಾ" ಎಂದು ಕಣ್ಣು ಮುಚ್ಚಿದಳು. ತೆರೆದು ಕೇಳಿದಳು, "ಹೊಡೆದೋರು ನಮ್ಮೋರಲ್ಲ ಅಂತ ಹೇಳಿದ್ರಾ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಒಳಗೆ ಹೆಜ್ಜೆ ಇಟ್ಟಳು. ಬಾಗಿಲಿನ ಪೇದೆ ಲಾಠಿ ಅಡ್ಡ ಹಿಡಿದ. ನಾನು ಲಾಠಿಯನ್ನು ಕೈಯಿಂದ ಸರಿಸಿದೆ. ಎಲ್ಲಿಂದ ಬಂತೋ ಆ ಧೈರ್ಯ.

ಅವಳು ನೇರವಾಗಿ ಮಂಚದ ಕಾಲುದೆಸೆಗೆ ಹೋಗಿ ನಿಂತಳು. ಅಳಲಿಲ್ಲ, ಕೈ ಮುಗಿಯಲೂ ಇಲ್ಲ.

"ನಾನು ಪೀರ್ ಬಾಷಾ ಹೆಂಡ್ತಿ. ಶುಕ್ರವಾರ ನಿಮ್ಮನ್ನ ಬಿಡಿಸೋಕೆ ಬಂದ್ರಲ್ಲ, ಅವರ ಹೆಂಡ್ತಿ. ನಮ್ಮೋರು ನಿಮ್ಮ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನಾನು ಒಂದೇ ಕೇಳ್ತೀನಿ ಯಜಮಾನ್ರೆ. ಹೊಡೆದೋರು ಯಾರು?"

ಉಜ್ಜನಪ್ಪ ಅವಳನ್ನು ಬಹಳ ಹೊತ್ತು ನೋಡಿದರು. ಅವರ ಮುಖ ಅಳುವ ಮಗುವಿನಂತೆ ಸೊಟ್ಟಗಾಯಿತು. ಎದೆಯ ಮೇಲಿದ್ದ ಎಡಗೈ ಮೆಲ್ಲಗೆ ಎದ್ದಿತು. ತೋರುಬೆರಳು ನೆಟ್ಟಗಾಗಿ, ನಡುಗುತ್ತ ಒಂದು ಕಡೆಗೆ ತಿರುಗತೊಡಗಿತು.

ಯಾರ ಕಡೆಗೆ ಎಂದು ನಾವು ಕಾಣುವಷ್ಟರಲ್ಲಿ ಬಸವರಾಜೇಶ್ವರಿ ಮುಂದೆ ಬಾಗಿ, ಗಂಡನ ಆ ಬೆರಳನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿ ಹಾಸಿಗೆಗೆ ಒತ್ತಿ ಹಿಡಿದರು.

(ಮುಂದುವರಿಯುವುದು)